ಪುಟ್ಟ ಮಕ್ಕಳ ಟೀಚರ್ ಆಗೋಕೆ ಪ್ರೀತಿಯೊಂದೇ ಸಾಕಾ? ಇನ್ನೂರು ವರ್ಷದ ಜಗಳದ ಕತೆ

ಪುಟ್ಟ ಮಕ್ಕಳ ಟೀಚರ್ ಆಗ್ತೀನಿ ಅಂದರೆ ಜನ ಮೊದಲು ಕೇಳೋದು "ಮಕ್ಕಳನ್ನ ಕಂಡ್ರೆ ಇಷ್ಟಾನಾ?" ಅಂತ. ಹೈಸ್ಕೂಲಿಗೆ ಗಣಿತ ಪಾಠ ಮಾಡುವವರನ್ನು ಯಾರೂ ಹಾಗೆ ಕೇಳುವುದಿಲ್ಲ. ಏನು ಓದಿದ್ದೀರಿ ಅಂತ ಕೇಳುತ್ತಾರೆ. ಇಷ್ಟ ಇದ್ದರೆ ಆಯ್ತು, ಓದು ಯಾಕೆ, ಜಾಸ್ತಿ ಸಂಬಳ ಯಾಕೆ ಅನ್ನುವ ಈ ಯೋಚನೆ ಬಹಳ ಹಳೆಯದು. ಈ ವೃತ್ತಿಯಲ್ಲಿ ಇವತ್ತು ಇರುವ ಸಂಘಗಳು, ಕೋರ್ಸುಗಳು, ಹುದ್ದೆಗಳು ಹೆಚ್ಚಿನವು ಆ ಯೋಚನೆಯ ಜೊತೆ ಗುದ್ದಾಡಿಯೇ ಹುಟ್ಟಿದವು.

1816ರಲ್ಲಿ ಸ್ಕಾಟ್ಲೆಂಡಿನ ನ್ಯೂ ಲಾನಾರ್ಕ್‌ನಲ್ಲಿ ಹತ್ತಿ ಗಿರಣಿ ನಡೆಸುತ್ತಿದ್ದ ರಾಬರ್ಟ್ ಓವೆನ್ ಕೆಲಸಗಾರರ ಪುಟ್ಟ ಮಕ್ಕಳಿಗಾಗಿ ಶಾಲೆ ತೆರೆದರು. ಪಾಠಕ್ಕೆ ದೊಡ್ಡ ಓದು ಓದಿದವರನ್ನು ಹುಡುಕಲಿಲ್ಲ. ಜೇಮ್ಸ್ ಬುಕಾನನ್ ಅನ್ನುವ ನೇಕಾರ, ಮಾಲಿ ಯಂಗ್ ಅನ್ನುವ 17 ವರ್ಷದ ಹುಡುಗಿ, ಇಬ್ಬರನ್ನು ಆರಿಸಿಕೊಂಡರು. ಮಕ್ಕಳ ಮೇಲೆ ಪ್ರೀತಿ ಇರಬೇಕು, ಎಷ್ಟು ಕಾಡಿದರೂ ತಾಳ್ಮೆ ಕೆಡಬಾರದು, ಇಷ್ಟೇ ಅರ್ಹತೆ. ಹೊಡೆಯಬಾರದು, ಹೆದರಿಸಬಾರದು ಅಂತ ಕಟ್ಟುನಿಟ್ಟಾಗಿ ಹೇಳಿದ್ದರು. ಬೆತ್ತವಿಲ್ಲದೆ ಪಾಠವೇ ಇಲ್ಲ ಎಂದು ನಂಬಿದ್ದ ಕಾಲದಲ್ಲಿ ಇದು ದೊಡ್ಡ ಹೆಜ್ಜೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಟೀಚರಿಗೆ ತರಬೇತಿ ಬೇಕು ಅನ್ನುವ ಮಾತು ಅಲ್ಲಿ ಇನ್ನೂ ಹುಟ್ಟಿರಲಿಲ್ಲ.

ಆ ಮಾತನ್ನು ಗಟ್ಟಿಯಾಗಿ ಹೇಳಿದವರು ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲ್. 1837ರಲ್ಲಿ ಬಾಡ್ ಬ್ಲಾಂಕನ್‌ಬರ್ಗ್‌ನಲ್ಲಿ ಪುಟ್ಟ ಮಕ್ಕಳಿಗಾಗಿ ಕೆಲಸ ಶುರು ಮಾಡಿದರು. 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್ ಅಂತ ಹೆಸರಿಟ್ಟರು. ಅವರ ಆಟದ ಸಾಮಾನುಗಳಲ್ಲಿ ಒಂದನ್ನು ನೋಡಿ: ಒಂದು ಪುಟ್ಟ ಮರದ ಪೆಟ್ಟಿಗೆ, ಒಳಗೆ ಎಂಟು ಸಣ್ಣ ಘನಗಳು, ಎಂಟೂ ಸೇರಿದರೆ ಒಂದು ದೊಡ್ಡ ಘನ. ಮಗು ಕಟ್ಟಿದ್ದನ್ನು ಕೆಡವುವ ಹಾಗಿಲ್ಲ. ಒಂದೊಂದೇ ತುಂಡು ಸರಿಸಿ ಕುರ್ಚಿಯನ್ನು ಮೆಟ್ಟಿಲು ಮಾಡಬೇಕು, ಒಂದು ತುಂಡೂ ಹೊರಗೆ ಉಳಿಯಬಾರದು. ಇದನ್ನು ಆಡಿಸುವವರಿಗೆ ಯಾವಾಗ ಮಾತಾಡಬೇಕು, ಯಾವಾಗ ಸುಮ್ನಿರಬೇಕು ಅಂತ ಗೊತ್ತಿರಬೇಕು ಅಲ್ವಾ? ಅದಕ್ಕೇ ಫ್ರೋಬೆಲ್ ಹೆಣ್ಣುಮಕ್ಕಳಿಗೆ ತರಬೇತಿ ಕೊಡಲು ಶುರು ಮಾಡಿದರು. ಹೆಣ್ಣುಮಕ್ಕಳಿಗೆ ಓದಿ ಸಂಪಾದಿಸುವ ದಾರಿಗಳೇ ಬೆರಳೆಣಿಕೆಯಷ್ಟಿದ್ದ ಕಾಲ ಅದು.

1851ರಲ್ಲಿ ಜರ್ಮನಿಯ ದೊಡ್ಡ ರಾಜ್ಯವಾಗಿದ್ದ ಪ್ರಷ್ಯಾದ ಸರ್ಕಾರ ಕಿಂಡರ್‌ಗಾರ್ಟನ್‌ಗಳನ್ನೇ ನಿಷೇಧಿಸಿತು. ಮರುವರ್ಷ ಫ್ರೋಬೆಲ್ ತೀರಿಕೊಂಡರು. ನಿಷೇಧ ತೆಗೆದದ್ದು 1860ರಲ್ಲಿ. ಅಷ್ಟರೊಳಗೆ ಅವರ ಯೋಚನೆ ದೇಶ ಬಿಟ್ಟು ಹೋದವರ ಜೊತೆ ಸಮುದ್ರ ದಾಟಿತ್ತು. ಮಾರ್ಗರೇಟ್ ಶುರ್ಜ್ 1856ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ವಾಟರ್‌ಟೌನ್‌ನಲ್ಲಿ ಜರ್ಮನ್ ಭಾಷೆಯ ಕಿಂಡರ್‌ಗಾರ್ಟನ್ ನಡೆಸಿದರು. 1873ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ಸೂಸನ್ ಬ್ಲೋ ಅದನ್ನು ಸರ್ಕಾರಿ ಶಾಲೆಯೊಳಗೆ ತಂದರು. ಬ್ಲೋ ಶ್ರೀಮಂತರ ಮನೆಯವರು, ಸಂಬಳವಿಲ್ಲದೆ ದುಡಿದರು. ಅವರ ಶ್ರಮದ ಮೇಲೆ ನನಗೆ ಅಪಾರ ಗೌರವವಿದೆ. ಆದರೂ ಒಂದು ಮಾತು ಹೇಳಲೇಬೇಕು. ಒಂದು ವೃತ್ತಿಯ ಅಡಿಪಾಯವೇ ಸಂಬಳವಿಲ್ಲದ ಕೆಲಸದ ಮೇಲೆ ನಿಂತಾಗ, ಮುಂದೆ ಬರುವವರು ಸಂಬಳ ಕೇಳಿದರೆ ಅದು ದುರಾಸೆಯ ಹಾಗೆ ಕಾಣುತ್ತದೆ.

ಟೀಚರುಗಳು ಒಟ್ಟಾಗಿದ್ದು 1892ರಲ್ಲಿ. ಇಂಟರ್‌ನ್ಯಾಷನಲ್ ಕಿಂಡರ್‌ಗಾರ್ಟನ್ ಯೂನಿಯನ್ ಅನ್ನುವ ಸಂಘ ಹುಟ್ಟಿತು. ಅದು ಸುಮ್ನೆ ವರ್ಷಕ್ಕೊಮ್ಮೆ ಸೇರಿ ಚಪ್ಪಾಳೆ ತಟ್ಟುವ ಸಂಘ ಆಗಿರಲಿಲ್ಲ, ಜಗಳ ಆಡುವ ಸಂಘ ಆಗಿತ್ತು. ಫ್ರೋಬೆಲ್ ಹೇಳಿದ ಕ್ರಮವನ್ನು ಒಂದಿಷ್ಟೂ ಬದಲಿಸಬಾರದು ಅಂತ ಸೂಸನ್ ಬ್ಲೋ ಒಂದು ಕಡೆ. ಮಕ್ಕಳನ್ನು ನೋಡಿ, ಅವರು ನಿಜವಾಗಿ ಹೇಗೆ ಆಡುತ್ತಾರೆ ಅಂತ ತಿಳಿದುಕೊಂಡು ಪಾಠ ಬದಲಿಸಿ ಅಂತ ಪ್ಯಾಟಿ ಸ್ಮಿತ್ ಹಿಲ್ ಇನ್ನೊಂದು ಕಡೆ. ಹಿಲ್ ಆ ಪುಟ್ಟ ಘನಗಳ ಬದಲು ದೊಡ್ಡ ದೊಡ್ಡ ಮರದ ದಿಮ್ಮಿಗಳನ್ನು ಮಾಡಿಸಿದರು, ಮಕ್ಕಳು ಕಟ್ಟಿದ ಮನೆಯೊಳಗೆ ತಾವೇ ಹೋಗಿ ಕೂತು ಆಡುವಷ್ಟು ದೊಡ್ಡವು. 1903ರಲ್ಲಿ ಸಂಘ 19 ಜನರ ಸಮಿತಿ ಮಾಡಿತು. ಹತ್ತು ವರ್ಷ ಚರ್ಚೆಯಾದರೂ ಒಮ್ಮತ ಬರಲಿಲ್ಲ. 1913ರಲ್ಲಿ ಒಂದೇ ಪುಸ್ತಕದಲ್ಲಿ ಮೂರು ಬೇರೆ ಬೇರೆ ವರದಿ ಅಚ್ಚಾಯಿತು. ನನಗೆ ಈ ಇಡೀ ಕತೆಯಲ್ಲಿ ತುಂಬಾ ಇಷ್ಟವಾಗುವ ಘಟನೆ ಇದೇ. ಮೂರು ವರ್ಷದ ಮಗುವಿನ ಆಟದ ಬಗ್ಗೆ ಹತ್ತು ವರ್ಷ ವಾದ ಮಾಡುವಷ್ಟು ವಿಷಯ ಇದೆ ಅಂತ ಈ ಹೆಂಗಸರು ಜಗತ್ತಿಗೆ ತೋರಿಸಿಕೊಟ್ಟರು, ಮತ್ತು ಒಪ್ಪದೇ ಇದ್ದರೂ ಒಂದೇ ಸಂಘದಲ್ಲಿ ಉಳಿದರು.

ಇನ್ನು 1920ರ ದಶಕ. ಲಂಡನ್ನಿನ ಡೆಟ್‌ಫರ್ಡ್‌ನ ಬಡ ಮಕ್ಕಳಿಗಾಗಿ 1914ರಲ್ಲಿ ಬಯಲು ನರ್ಸರಿ ಕಟ್ಟಿದ್ದ ಮಾರ್ಗರೇಟ್ ಮ್ಯಾಕ್‌ಮಿಲನ್, 1923ರಲ್ಲಿ ಬ್ರಿಟನ್ನಿನ ನರ್ಸರಿ ಸ್ಕೂಲ್ ಅಸೋಸಿಯೇಷನ್ನಿನ ಮೊದಲ ಅಧ್ಯಕ್ಷೆಯಾದರು. ನರ್ಸರಿ ಟೀಚರಿಗೆ ಮೂರು ವರ್ಷದ ತರಬೇತಿ ಬೇಕು ಅನ್ನುವುದು ಅವರ ಹಟ. 1926ರಲ್ಲಿ ಅಮೆರಿಕದಲ್ಲಿ ಪ್ಯಾಟಿ ಸ್ಮಿತ್ ಹಿಲ್ ನರ್ಸರಿ ಶಾಲೆಗಳ ರಾಷ್ಟ್ರೀಯ ಸಮಿತಿಯನ್ನು ಸೇರಿಸಿದರು. ಅದೇ 1926ರಲ್ಲಿ ಭಾರತದಲ್ಲಿ ಗಿಜುಭಾಯಿ ಬಧೇಕಾ, ತಾರಾಬಾಯಿ ಮೋಡಕ್ ಸೇರಿ ನೂತನ ಬಾಲ ಶಿಕ್ಷಣ ಸಂಘ ಕಟ್ಟಿದರು. 1907ರಲ್ಲಿ ರೋಮ್‌ನಲ್ಲಿ ಮೊದಲ ಶಾಲೆ ತೆರೆದಿದ್ದ ಮರಿಯಾ ಮಾಂಟೆಸರಿ 1929ರಲ್ಲಿ ತಮ್ಮ ಅಂತರರಾಷ್ಟ್ರೀಯ ಸಂಘ ಶುರು ಮಾಡಿದರು. ಎಲ್ಲ ಕಡೆ ಕಾರಣ ಹೆಚ್ಚುಕಡಿಮೆ ಒಂದೇ. ಶಾಲೆಗಳು ಬೇಗ ಬೇಗ ಹೆಚ್ಚಾಗುತ್ತಿದ್ದವು, ಯಾರು ಬೇಕಾದರೂ ಬೋರ್ಡ್ ಹಾಕಬಹುದಿತ್ತು, ಟೀಚರಿಗೆ ಏನು ಗೊತ್ತಿರಬೇಕು ಅಂತ ಯಾರಾದರೂ ಹೇಳಬೇಕಿತ್ತು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಎರಡು ಮುಖ್ಯ ಸಂಗತಿ ನಡೆದವು. 1948ರಲ್ಲಿ ಪ್ರಾಗ್‌ನಲ್ಲಿ ಪುಟ್ಟ ಮಕ್ಕಳ ಶಿಕ್ಷಣದ ವಿಶ್ವ ಸಂಘಟನೆ ಓಮೆಪ್ ಶುರುವಾಯಿತು. ಇಟಲಿಯ ರೆಜಿಯೋ ಎಮಿಲಿಯಾ ಹತ್ತಿರ ಒಂದು ಊರಿನ ಜನ, ಯುದ್ಧದಲ್ಲಿ ಬಿಟ್ಟುಹೋದ ಟ್ಯಾಂಕ್, ಲಾರಿ, ಕುದುರೆಗಳನ್ನು ಮಾರಿ ಬಂದ ಹಣದಲ್ಲಿ ಮಕ್ಕಳ ಶಾಲೆ ಕಟ್ಟತೊಡಗಿದರು. ಲೋರಿಸ್ ಮಲಗುಜಿ ಅನ್ನುವ ಟೀಚರ್ ಸೈಕಲ್ ಹತ್ತಿ ನೋಡಲು ಹೋದವರು ಆ ಕೆಲಸಕ್ಕೇ ನಿಂತುಬಿಟ್ಟರು. ಅಲ್ಲಿ ಹೊಸ ಹುದ್ದೆಗಳೇ ಹುಟ್ಟಿದವು. ಪ್ರತಿ ಶಾಲೆಯಲ್ಲಿ ಕಲೆ ಗೊತ್ತಿರುವ ಒಬ್ಬರು, ಹಲವು ಶಾಲೆಗಳ ಟೀಚರುಗಳ ಜೊತೆ ಕೂತು ಯೋಚಿಸುವ ಒಬ್ಬರು. ಈ ಕ್ಷೇತ್ರದಲ್ಲಿ ಟೀಚರ್, ಹೆಡ್‌ಮೇಡಂ ಬಿಟ್ಟು ಬೇರೆ ದಾರಿ ಇಲ್ಲ ಅನ್ನುವವರು ಇದನ್ನು ಗಮನಿಸಬೇಕು.

ಈ ವೃತ್ತಿಯಲ್ಲಿ ಮೇಲೇರುವ ಮೆಟ್ಟಿಲು ಅಂತ ಸ್ಪಷ್ಟವಾಗಿ ಕಂಡದ್ದು 1960ರ ನಂತರ. ಹಿಲ್ 1926ರಲ್ಲಿ ಸೇರಿಸಿದ್ದ ಸಮಿತಿಯಿಂದ ಬೆಳೆದ ಪುಟ್ಟ ಮಕ್ಕಳ ಶಿಕ್ಷಣದ ರಾಷ್ಟ್ರೀಯ ಸಂಘಕ್ಕೆ 1964ರಲ್ಲಿ ಈಗಿನ ಎನ್‌ಎಇವೈಸಿ ಅನ್ನುವ ಹೆಸರು ಬಂತು. ಮರುವರ್ಷ ಅಮೆರಿಕ ಸರ್ಕಾರ ಬಡ ಮಕ್ಕಳಿಗಾಗಿ ಹೆಡ್ ಸ್ಟಾರ್ಟ್ ಅನ್ನುವ ಶಾಲಾಪೂರ್ವ ಕಾರ್ಯಕ್ರಮ ತಂದಿತು. ಇದ್ದಕ್ಕಿದ್ದಂತೆ ಟೀಚರುಗಳು ಬೇಕಾದರು, ಡಿಗ್ರಿ ಇದ್ದವರು ಅಷ್ಟು ಸಿಗಲಿಲ್ಲ. ಹಾಗಾಗಿ 1970ರ ದಶಕದಲ್ಲಿ ಸಿಡಿಎ (ಚೈಲ್ಡ್ ಡೆವಲಪ್ಮೆಂಟ್ ಅಸೋಸಿಯೇಟ್) ಅನ್ನುವ ಪ್ರಮಾಣಪತ್ರ ಬಂತು. ಈಗ ಅದಕ್ಕೆ 120 ಗಂಟೆ ಓದು, 480 ಗಂಟೆ ಮಕ್ಕಳ ಜೊತೆ ಕೆಲಸ ಮಾಡಿದ ಅನುಭವ ಬೇಕು, ಆಮೇಲೆ ಒಬ್ಬರು ಬಂದು ತರಗತಿಯಲ್ಲಿ ಕೂತು ನೋಡುತ್ತಾರೆ. ಆಯಾ ಆಗಿ ಸೇರಿದವರೂ ಇದರಿಂದ ಟೀಚರ್ ಆಗಬಹುದು, ಆಮೇಲೆ ಡಿಗ್ರಿ ಕಡೆಗೂ ಹೋಗಬಹುದು. 1985ರಲ್ಲಿ ಎನ್‌ಎಇವೈಸಿ ಶಾಲೆಗಳಿಗೆ ಮಾನ್ಯತೆ ಕೊಡಲು ಶುರು ಮಾಡಿತು. 1989ರಲ್ಲಿ ನೀತಿ ಸಂಹಿತೆ ಬಂತು. ಅದರ ಮೊದಲ ನಿಯಮ, ಎಲ್ಲಕ್ಕಿಂತ ಮೊದಲು ಮಕ್ಕಳಿಗೆ ಹಾನಿ ಮಾಡಬಾರದು ಅಂತ. ಡಾಕ್ಟರಿಗೆ, ವಕೀಲರಿಗೆ ಇರುವ ಹಾಗೆ ಪುಟ್ಟ ಮಕ್ಕಳ ಟೀಚರಿಗೂ ಬರೆದಿಟ್ಟ ಹೊಣೆ ಇದೆ ಅಂತಾಯಿತು.

ಇವತ್ತು ಈ ಕಡೆ ಬರಬೇಕು ಅಂದುಕೊಂಡವರಿಗೆ ದಾರಿ ಒಂದೇ ಅಲ್ಲ. ತರಗತಿಯಲ್ಲೇ ಇರಬಹುದು. ಬೆಳವಣಿಗೆ ನಿಧಾನವಾಗಿರುವ ಮಕ್ಕಳಿಗೆ ಬೇಗ ನೆರವು ಕೊಡುವ ಕೆಲಸ ಇದೆ, ಹೊಸ ಟೀಚರುಗಳ ತರಬೇತಿ, ಪಠ್ಯ ರೂಪಿಸುವುದು, ಶಾಲೆಗಳ ತಪಾಸಣೆ, ಸಂಶೋಧನೆ, ಅಪ್ಪ ಅಮ್ಮಂದಿರ ಜೊತೆ ಮನೆಗೇ ಹೋಗಿ ಮಾಡುವ ಕೆಲಸ ಕೂಡ ಇದೆ. ನನ್ನ ಸಲಹೆ, ಯಾವ ದಾರಿ ಹಿಡಿದರೂ ಮೊದಲು ಒಂದಷ್ಟು ಕಾಲ ಮಕ್ಕಳ ನಡುವೆ ನೆಲದ ಮೇಲೆ ಕೂತಿರಿ. ಓದುವಾಗಲೇ ಒಂದು ಸಂಘ ಸೇರಿ, ಬಹಳ ಕಡೆ ವಿದ್ಯಾರ್ಥಿಗಳಿಗೆ ಶುಲ್ಕ ಕಡಿಮೆ. ಸೇರುವ ಮುಂಚೆ ಆ ಸಂಘ ಸಂಬಳದ ಬಗ್ಗೆ ಬಾಯಿ ಬಿಡುತ್ತದಾ ಅಂತ ನೋಡಿ. ಬರೀ ಸರ್ಟಿಫಿಕೇಟ್ ಮಾರುವ ಸಂಘ ಕೆಲಸಕ್ಕೆ ಬರುವುದಿಲ್ಲ.

ಯಾಕೆಂದರೆ ಮುಗಿಯದೆ ಉಳಿದಿರುವುದು ಸಂಬಳದ ಪ್ರಶ್ನೆಯೇ. 2014ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಈ ಟೀಚರುಗಳಿಗೆ ಯೋಗ್ಯ ಕೆಲಸದ ಮಾರ್ಗಸೂಚಿ ತಂದಿತು. 2020ರಲ್ಲಿ ಅಮೆರಿಕದ 15 ಸಂಘಗಳು ಒಟ್ಟಿಗೆ ಕೂತು ಈ ಟೀಚರುಗಳ ವೃತ್ತಿಗೆ ಮೂರು ಹಂತದ ಒಂದು ಚೌಕಟ್ಟು ಒಪ್ಪಿಕೊಂಡವು. ಒಂದೇ ತರಬೇತಿ ಪಡೆದವರು ಸರ್ಕಾರಿ ಶಾಲೆಯಲ್ಲಿರಲಿ, ಪಕ್ಕದ ಬೀದಿಯ ಶಿಶುವಿಹಾರದಲ್ಲಿರಲಿ, ಸಂಬಳದಲ್ಲಿ ಅಂತರ ಇರಬಾರದು ಅನ್ನುವುದು ಅದರ ಮುಖ್ಯ ಬೇಡಿಕೆ. ಅದನ್ನು ಜಾರಿಗೆ ತರುವುದು ಸಂಘಗಳ ಕೈಯಲ್ಲಿಲ್ಲ, ಹಣ ಕೊಡುವ ಸರ್ಕಾರಗಳ ಕೈಯಲ್ಲಿದೆ.