10 ಸೆಕೆಂಡಿನ ಜೋಂಬಿ

ಕಥೆ ಬರೆಯುವ ಹುಡುಗನೊಬ್ಬ ಮೊನ್ನೆ ಕ್ಲಿನಿಕ್ಕಿಗೆ ಬಂದಿದ್ದ. ಅವನ ಕಥೆಯಲ್ಲಿ ಮಂಗಳೂರಿನ ದಕ್ಕೆಯಲ್ಲಿ ಬೆಳಗಿನ ಜಾವ ಮೀನು ಇಳಿಸುವಾಗ ಹೆಣವೊಂದು ಎದ್ದು ಒಬ್ಬನಿಗೆ ಕಚ್ಚುತ್ತದೆ. 10 ಸೆಕೆಂಡಿನಲ್ಲಿ ಅವನೂ ಜೋಂಬಿ. ಸಂಜೆಯೊಳಗೆ ದುಬೈಯಲ್ಲೂ ಜೋಂಬಿಗಳು. "ಡಾಕ್ಟ್ರೇ, ಓದುವವರು ನಂಬ್ತಾರಾ?" ಅಂತ ಕೇಳಿದ.

ಹೆಣ ಏಳುವುದಿಲ್ಲ. ಉಸಿರು ನಿಂತ ಮೇಲೆ ಸ್ನಾಯುಗಳಿಗೆ ಶಕ್ತಿ ಸಿಗುವುದಿಲ್ಲ, ಕೆಲವೇ ಗಂಟೆಗಳಲ್ಲಿ ಮೈ ಸೆಟೆದುಕೊಳ್ಳುತ್ತದೆ. ಆಮೇಲೆ ನಮ್ಮ ಕರಾವಳಿಯ ಸೆಕೆಗೆ ಕೊಳೆಯುವುದೂ ಬೇಗ. ಆದರೂ ಓದುವಾಗ ಅದನ್ನು ನಾನು ಒಪ್ಪಿಕೊಂಡೆ. ಕಥೆ ಅಂದ ಮೇಲೆ ಅಷ್ಟು ಸಾಲ ಕೊಡಬೇಕು ಅಲ್ವಾ? ನಾನು ಸಿಕ್ಕಿಬಿದ್ದದ್ದು ಆ 10 ಸೆಕೆಂಡಿನಲ್ಲಿ. ಅಷ್ಟು ಬೇಗ ಬದಲಾಗುವವನು ಬಜ್ಪೆಯ ವಿಮಾನ ನಿಲ್ದಾಣಕ್ಕೇ ಮುಟ್ಟುವುದಿಲ್ಲ, ವಿಮಾನ ಹತ್ತುವುದೆಲ್ಲಿ ಬಂತು? ದಕ್ಕೆಯ ಗೇಟು ಹಾಕಿದರೆ ರೋಗ ಅಲ್ಲಿಗೇ ಮುಗಿಯಿತು. ಕೋವಿಡ್ ದೇಶ ದೇಶ ದಾಟಿದ್ದು ಲಕ್ಷಣ ಕಾಣಿಸುವ ಮೊದಲೇ ಹರಡುತ್ತಿದ್ದ ಕಾರಣ.

ನಿಜವಾದ ಕಾಯಿಲೆಗಳಲ್ಲಿ ಜೋಂಬಿಗೆ ತೀರಾ ಹತ್ತಿರದ್ದು ರೇಬೀಸ್. ಜೊಲ್ಲಿನಲ್ಲಿರುವ ವೈರಸ್ ಕಚ್ಚಿದ ಜಾಗದಿಂದ ನರಗಳ ದಾರಿ ಹಿಡಿದು ಮಿದುಳಿಗೆ ಏರುತ್ತದೆ. ಸಾಮಾನ್ಯವಾಗಿ 1ರಿಂದ 3 ತಿಂಗಳು ಬೇಕು. (ನಾಯಿ ಕಚ್ಚಿದರೆ ಗಾಯವನ್ನು ಸೋಪು ಹಾಕಿ 15 ನಿಮಿಷ ತೊಳೆಯಿರಿ, ಅವತ್ತೇ ಲಸಿಕೆ ಶುರು ಮಾಡಿ. ಸುಮ್ನೆ ಕೂರಬೇಡಿ.) ಕಲಿಯುವ ಕಾಲದಲ್ಲಿ ನಾನು ನೋಡಿದ ರೋಗಿಗೆ ವಿಪರೀತ ಬಾಯಾರಿಕೆ. ಸ್ಟೀಲಿನ ಲೋಟ ಎತ್ತಿಕೊಂಡರು. ನೀರು ತುಟಿಯ ಹತ್ತಿರ ಬಂದದ್ದೇ ಗಂಟಲು ಬಿಗಿಯಿತು, ಲೋಟ ಕೆಳಗೆ ಬಿತ್ತು. ಸ್ವಲ್ಪ ಹೊತ್ತಿಗೆ ಸುಧಾರಿಸಿಕೊಂಡು ಹೆಂಡತಿಗೆ ಹೇಳಿದರು: "ನೀನು ದೂರ ನಿಲ್ಲು ಮಾರಾಯ್ತಿ." ಬುದ್ಧಿ ನೆಟ್ಟಗೇ ಇತ್ತು. ಯಾವ ಜೋಂಬಿಯೂ ನನ್ನನ್ನು ಅಷ್ಟು ನಡುಗಿಸಿಲ್ಲ.

ಹುಡುಗನಿಗೆ ನಾನು ರಕ್ತಬೀಜನ ನೆನಪು ಮಾಡಿದೆ. ದೇವಿಮಹಾತ್ಮೆ ಯಕ್ಷಗಾನದ ಆಟಕ್ಕೆ ನಾವೆಲ್ಲ ನಿದ್ದೆಗೆಟ್ಟು ಕೂತವರೇ. ರಕ್ತದ ಒಂದು ಹನಿ ನೆಲಕ್ಕೆ ಬಿದ್ದರೆ ಇನ್ನೊಬ್ಬ ರಕ್ತಬೀಜ. ರಂಗಸ್ಥಳಕ್ಕೆ ಸಾವಿರ ವೇಷ ಬರುವುದಿಲ್ಲ, ಆದರೂ ಸಾವಿರ ಮಂದಿ ಕಾಣುತ್ತಾರೆ. ಯಾಕೆಂದರೆ ಪ್ರಸಂಗ ತಾನು ಹಾಕಿಕೊಂಡ ಕಟ್ಟಳೆಯನ್ನು ಕೊನೆ ತನಕ ಬಿಡುವುದಿಲ್ಲ. ಅವನ ಸಾವೂ ಅದರೊಳಗೇ ಇದೆ: ಕಾಳಿ ಹನಿ ನೆಲಕ್ಕೆ ಬೀಳಲು ಬಿಡದೆ ಹೀರುತ್ತಾಳೆ. ಸೋಂಕಿನ ಸರಪಳಿ ತುಂಡು ಮಾಡುವುದು ಅಂತ ನಾವು ಹೇಳುವುದು ಇದನ್ನೇ.

ಇನ್ನೊಂದು ಮಾತನ್ನೂ ಹೇಳಿದೆ. ಕಾಯಿಲೆ ಬಂದದ್ದು ಮೊದಲು ಗೊತ್ತಾಗುವುದು ಊರಿನವರಿಗೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಸುತ್ತ ಮಂಗಗಳು ಸಾಯತೊಡಗಿದವು, ಜನರ ಬಾಯಲ್ಲಿ ಅದು ಮಂಗನ ಕಾಯಿಲೆಯೇ ಆಯಿತು. ಇವನ ದಕ್ಕೆಯಲ್ಲಿ ಯಾರ ಕಣ್ಣಿಗೂ ಏನೂ ಬೀಳುವುದಿಲ್ಲ. ನನಗೆ ಜಾಸ್ತಿ ಬೇಸರವಾದದ್ದು ಅದಕ್ಕೆ.

ತಿದ್ದಿದ ಕಥೆ ನಿನ್ನೆ ಬಂತು. 10 ಸೆಕೆಂಡು ಈಗ 10 ದಿನ. ಕಚ್ಚಿಸಿಕೊಂಡವನು ಬೈರಾಸು ಸುತ್ತಿಕೊಂಡು ಮನೆಗೆ ಹೋಗುತ್ತಾನೆ, ಮರುದಿನವೂ ಕೆಲಸಕ್ಕೆ ಬರುತ್ತಾನೆ. ಒಂಬತ್ತನೆಯ ದಿನ ರಾತ್ರಿ ಅಮ್ಮ ಗಂಜಿ ಬಡಿಸುತ್ತಾಳೆ, ಅವನು ಬಟ್ಟಲು ದೂಡುತ್ತಾನೆ. "ಉಪ್ಪು ಕಮ್ಮಿ ಆಯ್ತಾ ಮಗಾ?" ಅನ್ನುತ್ತಾಳೆ ಅಮ್ಮ.