ಪಾರಿವಾಳಗಳೂ ರಿಫ್ರೆಶ್ ಬಟನ್ನೂ

ಪೋರ್ಟಲ್‌ನಲ್ಲಿ ಅರ್ಜಿ ಹಾಕಿದ್ದೀರಿ. ಪುಟದ ಮೂಲೆಯಲ್ಲಿ ಅರ್ಜಿಯ ಸ್ಥಿತಿ ತೋರಿಸುವ ಪುಟ್ಟ ಚೌಕ, ಅಂದರೆ ಸ್ಟೇಟಸ್ ವಿಜೆಟ್‌ನಲ್ಲಿ ‘ಪರಿಶೀಲನೆಯಲ್ಲಿದೆ’ ಅಂತ ಹಳದಿ ಅಕ್ಷರ. ರಿಫ್ರೆಶ್ ಒತ್ತುತ್ತೀರಿ. ಅದೇ ಹಳದಿ. ಮತ್ತೆ ಒತ್ತುತ್ತೀರಿ. ಹತ್ತನೇ ಸಲಕ್ಕೆ ‘ಮಂಜೂರು’ ಅಂತ ಹಸಿರು ಬರುತ್ತದೆ. ಒತ್ತಿದ್ದಕ್ಕೇ ಕೆಲಸ ಆಯಿತು ಅನ್ನಿಸುತ್ತದೆ, ಅಲ್ವಾ?

ಹಾಗೇನೂ ಇಲ್ಲ. ಓದಿದವರೂ ಇದನ್ನು ನಂಬುವುದು ನೋಡಿ ನನಗೆ ಬೇಸರ ಆಗುತ್ತದೆ. 1948ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಅಮೆರಿಕದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಹಸಿದ ಪಾರಿವಾಳಗಳನ್ನು ಒಂದೊಂದಾಗಿ ಗೂಡಿನಲ್ಲಿ ಬಿಟ್ಟರು. ಹಕ್ಕಿ ಏನೇ ಮಾಡಲಿ, ಮಾಡದಿರಲಿ, ಕಾಳು ಗಡಿಯಾರದ ಲೆಕ್ಕಕ್ಕೆ ಬರುತ್ತಿತ್ತು. ಆದರೂ 8 ಹಕ್ಕಿಗಳಲ್ಲಿ 6 ತಮ್ಮದೇ ಆಚಾರ ಬೆಳೆಸಿಕೊಂಡವು. ಒಂದು ಗೂಡಿನೊಳಗೆ ಸುತ್ತು ಹಾಕುತ್ತಿತ್ತು. ಇನ್ನೊಂದು ಮೇಲಿನ ಮೂಲೆಗೆ ತಲೆ ಚಾಚುತ್ತಿತ್ತು. ಸುತ್ತಿದ್ದಕ್ಕೇ ಕಾಳು ಬಂತು ಅನ್ನುವ ಹಾಗೆ ಹಕ್ಕಿ ನಡೆದುಕೊಳ್ಳುತ್ತದೆ ಅಂತ ಸ್ಕಿನ್ನರ್ ಹೇಳಿದರು. ಆ ಪ್ರಯೋಗಕ್ಕೆ ಆಮೇಲೆ ಬೇರೆ ವಿವರಣೆಗಳೂ ಬಂದವು. ಆದರೆ ರಿಫ್ರೆಶ್ ಒತ್ತುವ ಬೆರಳನ್ನು ಕಂಡಾಗಲೆಲ್ಲ ನನಗೆ ಆ ಸುತ್ತುವ ಹಕ್ಕಿಯೇ ನೆನಪಾಗುತ್ತದೆ.

ವಿಜೆಟ್ ಕಿಟಕಿಯಲ್ಲ. ಆಚೆ ಏನಾಗುತ್ತಿದೆ ಅಂತ ಅದಕ್ಕೆ ಕಾಣುವುದೇ ಇಲ್ಲ. ಇಷ್ಟು ಸೆಕೆಂಡಿಗೊಮ್ಮೆ ಅಂತ ಅರ್ಜಿಗಳ ಮಾಹಿತಿ ಇರುವ ದೂರದ ಕಂಪ್ಯೂಟರ್, ಅಂದರೆ ಸರ್ವರ್‌ಗೆ ಒಬ್ಬ ಆಳನ್ನು ಕಳಿಸುತ್ತದೆ, ಆಳು ತಂದ ಚೀಟಿಯನ್ನು ಗೋಡೆಗೆ ಅಂಟಿಸುತ್ತದೆ. ಮುಂದಿನ ಆಳು ಬರುವ ತನಕ ಅದೇ ಚೀಟಿ. ಸೂರ್ಯನ ಬೆಳಕಿನ ಹಾಗೆ ಇದು. ನಾವು ನೋಡುವ ಸೂರ್ಯ ಸುಮಾರು 8 ನಿಮಿಷ ಹಳೆಯವನು. ಜೊತೆಗೆ ಬಾಗಿಲಲ್ಲೇ ಇನ್ನೊಬ್ಬ ನಿಂತಿರುತ್ತಾನೆ. ಅವನ ಹೆಸರು ಕ್ಯಾಶ್ (cache), ಅಂದರೆ ಕೊಟ್ಟ ಉತ್ತರದ ನಕಲನ್ನು ಸ್ವಲ್ಪ ಹೊತ್ತು ಇಟ್ಟುಕೊಳ್ಳುವ ವ್ಯವಸ್ಥೆ. ‘ಒಳಗೆ ಹೋಗಬೇಡ, ಈಗಷ್ಟೇ ಒಬ್ಬರಿಗೆ ಕೊಟ್ಟ ಉತ್ತರದ ನಕಲು ಇದೆ, ತಗೋ’ ಅಂತ ಅಲ್ಲಿಂದಲೇ ವಾಪಸ್ ಕಳಿಸುತ್ತಾನೆ. ವಿಜೆಟ್ ಕೇಳುವುದು 30 ಸೆಕೆಂಡಿಗೊಮ್ಮೆ, ಕ್ಯಾಶ್ ನಕಲು ಇಟ್ಟುಕೊಳ್ಳುವುದು 60 ಸೆಕೆಂಡು ಅಂತಿಟ್ಟುಕೊಳ್ಳಿ. ಆಗ ನಿಮ್ಮ ಕಣ್ಣೆದುರಿನ ಸುದ್ದಿ ಒಂದೂವರೆ ನಿಮಿಷದಷ್ಟು ಹಳೆಯದಿರಬಹುದು. ಆ 60 ಸೆಕೆಂಡಿನಲ್ಲಿ ನೀವು ನೂರು ಸಲ ಒತ್ತಿದರೂ ಬರುವುದು ಅದೇ ನಕಲು.

ಹಾಗಾದರೆ 5 ಸೆಕೆಂಡಿಗೊಮ್ಮೆ ಕೇಳುವಂತೆ ಇಟ್ಟರಾಯಿತಲ್ಲ? ವಿಜೆಟ್ ಹೊಂದಿಸುವವರು ಮೊದಲು ಮಾಡುವುದೇ ಇದನ್ನು. ಒಂದೇ ಹೊತ್ತಿಗೆ 1000 ಜನ ಪುಟ ತೆರೆದಿಟ್ಟಿದ್ದರೆ ಸೆಕೆಂಡಿಗೆ 200 ಪ್ರಶ್ನೆ. ಒಂದೊಂದು ಅರ್ಜಿ ದಿನಕ್ಕೆ ಒಂದೋ ಎರಡೋ ಸಲ ಬದಲಾಗುವಂಥದ್ದು, ಅದಕ್ಕೆ ಇಷ್ಟು ಗದ್ದಲ!

ಎಷ್ಟು ಹೊತ್ತಿಗೊಮ್ಮೆ ಕೇಳಬೇಕು ಅನ್ನುವುದಕ್ಕೆ ಒಂದು ಕಾಫಿ ಪಾತ್ರೆಯೇ ಉತ್ತರ ಕೊಟ್ಟಿದೆ. 1991ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದಲ್ಲಿ ಎಲ್ಲರಿಗೂ ಸೇರಿ ಒಂದೇ ಕಾಫಿ ಯಂತ್ರ ಇತ್ತು. ಕೆಲವರು ಬೇರೆ ಮಹಡಿಯಿಂದ ಮೆಟ್ಟಿಲು ಹತ್ತಿಳಿದು ಬರಬೇಕು. ಬಂದರೆ ಪಾತ್ರೆ ಖಾಲಿ. ಅದಕ್ಕೆ ಎದುರಿಗೊಂದು ಕ್ಯಾಮೆರಾ ಇಟ್ಟು, ಎಲ್ಲರ ಪರದೆಯ ಮೂಲೆಗೂ ಅದರ ಚಿತ್ರ ಬರುವ ಹಾಗೆ ಮಾಡಿದರು. 128×128 ಚುಕ್ಕಿಗಳ ಕಪ್ಪು ಬಿಳುಪು ಚಿತ್ರ. ನಿಮಿಷಕ್ಕೆ ಸುಮಾರು 3 ಸಲ ಮಾತ್ರ ಬದಲಾಗುತ್ತಿತ್ತು. ಅಷ್ಟು ಸಾಕಿತ್ತು, ಯಾಕೆಂದರೆ ಪಾತ್ರೆ ತುಂಬುವುದೇ ನಿಧಾನ! ಎಂಥ ಚಂದದ ಲೆಕ್ಕ. ವಸ್ತು ಬದಲಾಗುವ ವೇಗ ನೋಡಿ ಕೇಳುವ ವೇಗ ಇಟ್ಟರು. 1993ರಲ್ಲಿ ಈ ಚಿತ್ರ ವೆಬ್‌ಗೂ ಬಂತು. 2001ರಲ್ಲಿ ಕ್ಯಾಮೆರಾ ನಿಂತಿತು. ನನ್ನ ಕಣ್ಣಿಗೆ ಇಂದಿನ ಸ್ಟೇಟಸ್ ಚೌಕಗಳಿಗೆಲ್ಲ ಅದೇ ಅಜ್ಜಿ.

ಬಣ್ಣ, ಅಕ್ಷರದ ಗಾತ್ರ, ಯಾವ ಅರ್ಜಿ ಮೇಲೆ ಬರಬೇಕು, ಇವೆಲ್ಲ ಸುಲಭ. ಕಷ್ಟ ಇರೋದು ಆಳು ವಾಪಸ್ ಬಾರದೇ ಹೋದಾಗ. ಒಮ್ಮೆ ನಾನೇ ಒಂದು ಪೋರ್ಟಲ್‌ಗೆ ಇಂಥ ವಿಜೆಟ್ ಹೊಂದಿಸಿದ್ದೆ. ಒಂದು ಬೆಳಿಗ್ಗೆ ಸರ್ವರ್ ಉತ್ತರ ಕೊಡುವುದನ್ನು ನಿಲ್ಲಿಸಿತು. ವಿಜೆಟ್ ಸುಮ್ನೆ ಹಳೆಯ ಚೀಟಿಯನ್ನೇ ತೋರಿಸುತ್ತಾ ಕೂತಿತು. ‘ಪರಿಶೀಲನೆಯಲ್ಲಿದೆ’, ಅದೇ ಹಳದಿ. ಒಬ್ಬರ ಅರ್ಜಿ ಅಷ್ಟರಲ್ಲಿ ತಿರಸ್ಕಾರವಾಗಿತ್ತು. ಮತ್ತೆ ಅರ್ಜಿ ಹಾಕಲು ಆ ದಿನವೇ ಕೊನೆ. ಅವರು ಸಂಜೆಯವರೆಗೂ ರಿಫ್ರೆಶ್ ಒತ್ತುತ್ತಲೇ ಇದ್ದರು. ಅವರಿಗೆ ಸುಳ್ಳು ಹೇಳಿದ್ದು ನಾನು ಹೊಂದಿಸಿದ ಚೌಕ. ಅದು ನನ್ನನ್ನು ಈಗಲೂ ಚುಚ್ಚುತ್ತದೆ.

ಮಾರನೇ ದಿನ ನಾಲ್ಕು ಬದಲಾವಣೆ ಮಾಡಿದೆ. ಕೇಳುವ ಅಂತರವನ್ನು 5 ಸೆಕೆಂಡಿಂದ 2 ನಿಮಿಷಕ್ಕೆ ಏರಿಸಿದೆ. ಎಲ್ಲರ ಆಳುಗಳೂ ಒಟ್ಟಿಗೇ ಬಾಗಿಲಿಗೆ ಮುತ್ತದ ಹಾಗೆ ಒಬ್ಬೊಬ್ಬರಿಗೂ ಕೆಲವು ಸೆಕೆಂಡು ಹಿಂದೆ ಮುಂದೆ ಮಾಡಿದೆ. ಸ್ಟೇಟಸ್‌ನ ಕೆಳಗೆ ಸಣ್ಣ ಸಾಲು ಸೇರಿಸಿದೆ: ‘10:42ರ ಮಾಹಿತಿ’. ಹತ್ತು ನಿಮಿಷ ಸುದ್ದಿ ಬರದಿದ್ದರೆ ಹಳದಿ ಅಳಿಸಿ ಚೌಕ ಬೂದು ಬಣ್ಣಕ್ಕೆ ತಿರುಗುವ ಹಾಗೆ ಮಾಡಿದೆ.

ಕೆಲವು ವಾರದ ಮೇಲೆ ಸರ್ವರ್ ಮತ್ತೆ ನಿಂತಿತು. ಚೌಕ ಬೂದಾಯಿತು. ಆ ದಿನ ನನಗೆ ಜಾಸ್ತಿ ಫೋನ್ ಬಂದವು, ಎಲ್ಲರದ್ದೂ ಒಂದೇ ಪ್ರಶ್ನೆ: ‘ಸರ್, ಇಲ್ಲಿ 9:15ರ ಮಾಹಿತಿ ಅಂತಲೇ ಇದೆ. ಈಗ ಎಲ್ಲಿಗೆ ಬಂದಿದೆ ಅಂತ ನೋಡಿ ಹೇಳ್ತೀರಾ?’