"ಛಲೋ ಪಿಚ್ಚರ್ ಹೇಳ್ರಿ ಸರ, ಆದ್ರ ಅವಾರ್ಡ್ ಪಿಚ್ಚರ್ ಬ್ಯಾಡ"

ಪ್ರಶ್ನೆ: ಸರ, ರವಿವಾರ ಮನ್ಯಾಗ ಎಲ್ಲಾರೂ ಕುಂತು ನೋಡೂವಂಥಾ, ಸ್ವಲ್ಪ ವಿಚಾರಕ್ಕ ಹಚ್ಚೂವಂಥಾ ನಾಕೈದು ಪಿಚ್ಚರ್ ಹೇಳ್ರಿ. ಆದ್ರ ಅವಾರ್ಡ್ ಪಿಚ್ಚರ್ ಬ್ಯಾಡ್ರಿ. ಭಾಳ ಸ್ಲೋ ಇರ್ತಾವು.

ಈ ಸಲ ಕೇಳಿದವರು ಹುಬ್ಬಳ್ಳಿ ವಿದ್ಯಾನಗರದವರು. ಹೋದ ತಿಂಗಳು ಗದಗಿನವರೊಬ್ಬರು ಕೇಳಿದ್ದರು. ಅದಕ್ಕೂ ಮುಂಚೆ ರಾಣೆಬೆನ್ನೂರಿನ ಒಬ್ಬ ಅಕ್ಕ. ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರೂ ಇದನ್ನೇ ಕೇಳಿದ್ದಾರೆ, ನವಲೂರು ಬರುವುದರೊಳಗೆ ಉತ್ತರ ಬೇಕಂತೆ. ಪ್ರಶ್ನೆಯೂ ಅದೇ, ಕೊನೆಗೆ ಸೇರಿಸುವ ಬಾಲವೂ ಅದೇ: ಅವಾರ್ಡ್ ಪಿಚ್ಚರ್ ಬ್ಯಾಡ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನು ನಾನು. ಒಂದೇ ಲೆಕ್ಕವನ್ನು ನೂರು ಸಲ ಬಿಡಿಸುವುದು ನನಗೆ ಹೊಸದಲ್ಲ. ಆದರೆ ಅಲ್ಲಿ ಕೊನೆಗೆ ಒಬ್ಬನಾದರೂ ಹುಡುಗ ತಲೆ ಆಡಿಸುತ್ತಿದ್ದ.

ಮೊದಲು ಉತ್ತರ ಕೊಟ್ಟುಬಿಡುತ್ತೇನೆ. ತಿಥಿ. ಶರಪಂಜರ. ಗುಲಾಬಿ ಟಾಕೀಸ್. ಮಲಯಾಳದ ದಿ ಗ್ರೇಟ್ ಇಂಡಿಯನ್ ಕಿಚನ್. ಇಂಗ್ಲಿಷಿನ ಟ್ವೆಲ್ವ್ ಆಂಗ್ರಿ ಮೆನ್. ಮನೆಯಲ್ಲಿ ಮಕ್ಕಳಿದ್ದರೆ ಇರಾನಿನ ಚಿಲ್ಡ್ರನ್ ಆಫ್ ಹೆವನ್. ಯಾವ ಓಟಿಟಿಯಲ್ಲಿ ಇವೆ ಅಂತ ಮಾತ್ರ ಕೇಳಬೇಡಿ. ಇವತ್ತು ಇದ್ದದ್ದು ಬರುವ ತಿಂಗಳು ಅಲ್ಲಿ ಇರುವುದಿಲ್ಲ. ಹೆಸರು ಹಾಕಿ ಹುಡುಕಿ. ಅವಸರ ಇದ್ದವರು ಇಲ್ಲಿಗೇ ಎದ್ದು ಹೋಗಬಹುದು.

ಉಳಿದವರು ಕೂಡ್ರಿ. ಆ ಬಾಲದ ವಿಷಯ ಮಾತಾಡುವುದಿದೆ.

"ಅವಾರ್ಡ್ ಪಿಚ್ಚರ್ ಸ್ಲೋ" ಎಂಬ ಮಾತು ಎಲ್ಲಿಂದ ಬಂತು ಅಂತ ನಾನು ಬಹಳ ದಿನ ಯೋಚಿಸಿದ್ದೇನೆ. ನನ್ನ ವಯಸ್ಸಿನವರಿಗೆ ನೆನಪಿರಬೇಕು. 80ರ ದಶಕದಲ್ಲಿ ರವಿವಾರ ಮಧ್ಯಾಹ್ನ ದೂರದರ್ಶನದಲ್ಲಿ ಬೇರೆ ಬೇರೆ ಭಾಷೆಯ ಚಿತ್ರಗಳನ್ನು ಹಾಕುತ್ತಿದ್ದರು. ಬಹುಪಾಲು ಪ್ರಶಸ್ತಿ ಬಂದ ಚಿತ್ರಗಳೇ. ಒಂದು ವಾರ ಬಂಗಾಲಿ, ಒಂದು ವಾರ ಒಡಿಯಾ, ಯಾವಾಗಲೋ ಒಮ್ಮೆ ಕನ್ನಡ. ಕೆಳಗೆ ಇಂಗ್ಲಿಷ್ ಅಕ್ಷರ ಸಣ್ಣಗೆ ನಡುಗುತ್ತಿದ್ದವು. ಚಾಳಿಗೆಲ್ಲ ಒಂದೇ ಟಿವಿ, ಅದೂ ಕಪ್ಪು-ಬಿಳುಪು. ನಾವು ನೋಡುತ್ತಿದ್ದದ್ದು ಯಾವ ಹೊತ್ತಿನಲ್ಲಿ? ಹೋಳಿಗೆ, ಕಟ್ಟಿನ ಸಾರು ಉಂಡು, ಗೋಡೆಗೆ ಒರಗಿ. ಆ ಹೊತ್ತಿನಲ್ಲಿ ಪರದೆಯ ಮೇಲೆ ಕುದುರೆ ಓಡಿದರೂ ನಿಧಾನವೇ. ನಿದ್ದೆ ಬಂದದ್ದು ಹೋಳಿಗೆಯಿಂದ. ಅಪವಾದ ಸಿನೆಮಾದ ತಲೆಗೆ ಬಂತು. ನಲವತ್ತು ವರ್ಷ ಆಯಿತು, ಆ ಅಪವಾದ ಇನ್ನೂ ಇಳಿದಿಲ್ಲ. ಆಗ ಹುಟ್ಟಿರದ ಹುಡುಗರೂ ಈಗ ಅದನ್ನೇ ಹೇಳುತ್ತಾರೆ!

ಇನ್ನು ಲೆಕ್ಕಕ್ಕೆ ಬನ್ನಿ. ಟ್ವೆಲ್ವ್ ಆಂಗ್ರಿ ಮೆನ್ 96 ನಿಮಿಷದ ಸಿನೆಮಾ. ಜಪಾನಿನ ಕುರೊಸಾವಾ ಅವರ ರಾಶೋಮನ್ 88 ನಿಮಿಷ. ನೀವು "ಫಾಸ್ಟ್" ಅಂತ ಹೊಗಳುವ ಹೀರೋ ಸಿನೆಮಾಗಳು ಎರಡೂವರೆ ತಾಸಿಗೆ ಕಡಿಮೆ ಇಲ್ಲ. ಅದರಲ್ಲಿ ಹೀರೋ ಕಾರಿನಿಂದ ಕಾಲು ಇಳಿಸುವುದಕ್ಕೇ ಅರ್ಧ ನಿಮಿಷ. ಮೊದಲು ಬೂಟು. ಆಮೇಲೆ ಗಾಳಿಗೆ ಹಾರುವ ಕೋಟು. ಆಮೇಲೆ ಕನ್ನಡಕ. ಎಲ್ಲವೂ ಸ್ಲೋ ಮೋಷನ್. ಹೆಸರಲ್ಲೇ ಸ್ಲೋ ಇದೆ, ಆದರೂ ಅದು ಯಾರಿಗೂ ಸ್ಲೋ ಅಲ್ಲ. ಒಬ್ಬ ಮುದುಕ ಸುಮ್ನೆ ಹತ್ತು ಸೆಕೆಂಡು ಕಿಟಕಿಯಿಂದ ಹೊರಗೆ ನೋಡಿದರೆ ಮಾತ್ರ ಎಲ್ಲರ ಕೈ ರಿಮೋಟಿಗೆ ಹೋಗುತ್ತದೆ. ಇದು ಯಾವ ಗಣಿತ?

ಟ್ವೆಲ್ವ್ ಆಂಗ್ರಿ ಮೆನ್ ವಿಷಯವನ್ನೇ ನೋಡಿ. 1957ರದು, ಸಿಡ್ನಿ ಲುಮೆಟ್ ನಿರ್ದೇಶಿಸಿದ್ದು. ಹೆಚ್ಚು ಕಡಿಮೆ ಇಡೀ ಚಿತ್ರ ಒಂದೇ ಕೋಣೆಯಲ್ಲಿ ನಡೆಯುತ್ತದೆ. ಹನ್ನೆರಡು ಜನ, ಒಂದು ಮೇಜು, ವಿಪರೀತ ಸೆಖೆ, ತಿರುಗದ ಫ್ಯಾನು. ಒಬ್ಬ ಹುಡುಗನ ಮೇಲೆ ಕೊಲೆಯ ಆರೋಪ, ಅವನು ತಪ್ಪಿತಸ್ಥನೋ ಅಲ್ಲವೋ ಅಂತ ಜ್ಯೂರಿಯ ಈ ಹನ್ನೆರಡು ಜನ ತೀರ್ಮಾನಿಸಬೇಕು. ಹನ್ನೊಂದು ಜನ "ಅವನೇ ಮಾಡಿದ್ದು, ಮುಗಿಸಿ ಮನೆಗೆ ಹೋಗೋಣ" ಅನ್ನುತ್ತಾರೆ. ಒಬ್ಬ ಮಾತ್ರ "ಸ್ವಲ್ಪ ಮಾತಾಡೋಣ" ಅನ್ನುತ್ತಾನೆ. ಹಾಡಿಲ್ಲ, ಹೊಡೆದಾಟ ಇಲ್ಲ. ನನ್ನ ಭಾವಮೈದುನ ಇದನ್ನು ನೋಡುವಾಗ ಗಿರ್ಮಿಟ್ ತಟ್ಟೆ ಕೈಯಲ್ಲಿ ಹಿಡಿದವನು ತಿನ್ನುವುದನ್ನೇ ಮರೆತ. ಚುರುಮುರಿ ಮೆತ್ತಗಾಗಿ ಹೋಯಿತು. ಲುಮೆಟ್ ಒಂದು ಉಪಾಯ ಮಾಡಿದ್ದಾರೆ. ಚಿತ್ರ ಮುಂದೆ ಹೋದ ಹಾಗೆ ಕ್ಯಾಮೆರಾ ಕೆಳಕ್ಕೆ ಇಳಿಯುತ್ತಾ ಬರುತ್ತದೆ, ಲೆನ್ಸೂ ಬದಲಾಗುತ್ತಾ ಹೋಗುತ್ತದೆ. ಗೋಡೆಗಳು ಹತ್ತಿರ ಬಂದ ಹಾಗೆ, ಚಾವಣಿ ತಲೆಯ ಮೇಲೆ ಕೂತ ಹಾಗೆ ಅನ್ನಿಸುತ್ತದೆ. ನೋಡುವವರಿಗೆ ಉಸಿರು ಕಟ್ಟುತ್ತದೆ, ಏಕೆ ಅಂತ ತಿಳಿಯುವುದಿಲ್ಲ. ಇದಕ್ಕೆ ಸ್ಲೋ ಅನ್ನುತ್ತೀರಾ?

"ಸರ, ಆದ್ರ ಅವು ಬರೇ ಅಳಸ್ತಾವು" ಅಂತ ಮುಂದಿನ ಮಾತು ಬರುತ್ತದೆ. ಅದಕ್ಕೇ ತಿಥಿಯನ್ನು ಮೊದಲು ಬರೆದದ್ದು. ರಾಮ್ ರೆಡ್ಡಿ ಅವರ ಚಿತ್ರ. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಉತ್ಸವದಲ್ಲಿ ಪ್ರಶಸ್ತಿ ಬಂತು, ಮುಂದೆ ರಾಷ್ಟ್ರಪ್ರಶಸ್ತಿಯೂ ಬಂತು. ಅಪ್ಪಟ ಅವಾರ್ಡ್ ಪಿಚ್ಚರ್. ಕಥೆ ಏನು? ಮಂಡ್ಯ ಸೀಮೆಯ ಹಳ್ಳಿಯಲ್ಲಿ 101 ವರ್ಷದ ಸೆಂಚುರಿ ಗೌಡ ಸಾಯುತ್ತಾನೆ. ತಿಥಿಗೆ ಹನ್ನೊಂದು ದಿನ ಇದೆ. ಮಗ ಗಡ್ಡಪ್ಪನಿಗೆ ಯಾವುದೂ ಬೇಡ, ಕುಡಿಯುತ್ತಾ ತಿರುಗುತ್ತಾನೆ. ಮೊಮ್ಮಗನಿಗೆ ಜಮೀನು ಮಾರುವ ಅವಸರ. ಮರಿಮಗನಿಗೆ ಕುರಿ ಕಾಯುವ ಹುಡುಗಿಯ ಧ್ಯಾನ. ನಟಿಸಿದವರು ಅಲ್ಲಿಯ ಊರಿನವರೇ, ನಟರಲ್ಲ. ನಮ್ಮ ಮನೆಯಲ್ಲಿ ನಕ್ಕೂ ನಕ್ಕೂ ಹೊಟ್ಟೆ ನೋವು ಬಂತು. ಆದರೆ ರಾತ್ರಿ ಊಟದ ಹೊತ್ತಿಗೆ ತಮ್ಮ, ತನ್ನ ಹೆಸರಿನ ಹೊಲದ ಉತಾರದ, ಅಂದರೆ ಪಹಣಿಯ, ಮಾತು ತೆಗೆದ. ಹತ್ತು ವರ್ಷ ಆ ಮಾತು ನಮ್ಮ ಮನೆಯಲ್ಲಿ ಯಾರೂ ಎತ್ತಿರಲಿಲ್ಲ. ವಿಚಾರಕ್ಕೆ ಹಚ್ಚುವುದು ಅಂದರೆ ಇದು. ಒಂದು ಎಚ್ಚರಿಕೆ: ಮಂಡ್ಯದ ಬೈಗುಳ ಧಾರಾಳ ಇವೆ. ಅವ್ವ, ಅತ್ತೆಯನ್ನು ಜೊತೆಗೆ ಕೂರಿಸುವ ಮುಂಚೆ ನೀವೊಮ್ಮೆ ನೋಡಿಬಿಡಿ.

ಇದರ ಉಲ್ಟಾವೂ ಇದೆ. ಜನ ಮುಗಿಬಿದ್ದು ನೋಡಿದ್ದರಲ್ಲೂ ವಿಚಾರ ಇರುತ್ತದೆ. ಶರಪಂಜರ 1971ರಲ್ಲಿ ಬಂದದ್ದು. ಪುಟ್ಟಣ್ಣ ಕಣಗಾಲರ ನಿರ್ದೇಶನ, ತ್ರಿವೇಣಿಯವರ ಕಾದಂಬರಿ, ಕಲ್ಪನಾ ಅವರ ನಟನೆ. ಹಾಡು ಇವತ್ತಿಗೂ ಎಲ್ಲರ ಬಾಯಲ್ಲಿವೆ. ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆದು, ವಾಸಿಯಾಗಿ ಮನೆಗೆ ಬಂದ ಹೆಣ್ಣುಮಗಳ ಕಥೆ. ಆಕೆ ಜೋರಾಗಿ ನಕ್ಕರೂ ಮನೆಯವರಿಗೆ ಅನುಮಾನ, ಸುಮ್ಮನಿದ್ದರೂ ಅನುಮಾನ. ಐವತ್ತು ವರ್ಷ ಆದ ಮೇಲೂ ಎಷ್ಟು ಮನೆಗಳಲ್ಲಿ "ಆಕಿ ಗುಳಿಗಿ ತಗೋತಾಳ" ಅಂತ ಪಿಸುಮಾತು ನಡೆಯುತ್ತದೆ, ನಿಮಗೇ ಗೊತ್ತು. 80ರ ದಶಕದ ಶಂಕರ್ ನಾಗ್ ಅವರ ಆಕ್ಸಿಡೆಂಟ್ ಕೂಡ ಹೀಗೆಯೇ. ಫುಟ್‌ಪಾತ್ ಮೇಲೆ ಮಲಗಿದವರ ಮೇಲೆ ಕಾರು ಹರಿಯುತ್ತದೆ, ರಾಜಕಾರಣಿ ತನ್ನ ಮಗನನ್ನು ಉಳಿಸಿಕೊಳ್ಳಲು ಏನೆಲ್ಲ ಮಾಡುತ್ತಾನೆ ಅನ್ನುವುದು ಕಥೆ. ಥ್ರಿಲ್ಲರ್ ಹಾಗೆ ಓಡುತ್ತದೆ. ಅದಕ್ಕೂ ರಾಷ್ಟ್ರಪ್ರಶಸ್ತಿ ಬಂದಿದೆ ಅಂತ ಹೇಳಿದರೆ ಎಲ್ಲಿ ನೋಡುವುದನ್ನೇ ಬಿಡುತ್ತೀರೋ ಅಂತ ಭಯ.

ಒಂದು ಮಾತು ಒಪ್ಪುತ್ತೇನೆ. ಕೆಲವು ಸಿನೆಮಾ ನಿಜವಾಗಿಯೂ ನಿಧಾನ. ಬೇಕಂತಲೇ ನಿಧಾನ. ದಿ ಗ್ರೇಟ್ ಇಂಡಿಯನ್ ಕಿಚನ್ 2021ರದು, ಜಿಯೋ ಬೇಬಿ ನಿರ್ದೇಶಿಸಿದ್ದು. ಹೊಸದಾಗಿ ಮದುವೆಯಾಗಿ ಬಂದವಳು ಹೆಚ್ಚುತ್ತಾಳೆ, ಕುದಿಸುತ್ತಾಳೆ, ಬಡಿಸುತ್ತಾಳೆ, ತೊಳೆಯುತ್ತಾಳೆ. ಮರುದಿನ ಮತ್ತೆ ಅದೇ. ಸಿಂಕಿನ ಪೈಪು ಸೋರುತ್ತಿದೆ, ಪ್ಲಂಬರನನ್ನು ಕರೆಸಿ ಅಂತ ಗಂಡನಿಗೆ ಹೇಳುತ್ತಲೇ ಇರುತ್ತಾಳೆ. ಅವನು ಮರೆಯುತ್ತಲೇ ಇರುತ್ತಾನೆ. ಒಬ್ಬ ಗೆಳೆಯ ಅರ್ಧಕ್ಕೆ ಎದ್ದ. "ಎಷ್ಟಂತ ಪಲ್ಯಾ ಹೆಚ್ಚೂದು ನೋಡೂದೋ ಮಾರಾಯಾ, ಬ್ಯಾಸರಾತು" ಅಂದ. ಒಂದು ತಾಸು ನೋಡಿದ್ದಕ್ಕೇ ಅವನಿಗೆ ಬೇಸರ. ಅವನ ಹೆಂಡತಿ ಒಳಗಿನಿಂದ ಏನೂ ಮಾತಾಡಲಿಲ್ಲ, ಪಾತ್ರೆ ಸಪ್ಪಳ ಮಾತ್ರ ಕೇಳಿತು. ನಾನು ಆ ದಿನ ಮನೆಗೆ ಬಂದು ನನ್ನ ಚಹಾದ ಕಪ್ಪು ನಾನೇ ತೊಳೆದೆ. "ಎಷ್ಟು ದಿನಾ ಇದು?" ಅಂತ ನನ್ನವಳು ಕೇಳಿದಳು. ನಾಲ್ಕು ದಿನ ನಡೆಯಿತು.

ಇನ್ನೊಂದು ನನ್ನದೇ ಕಥೆ. ಕಾಸರವಳ್ಳಿಯವರ ತಬರನ ಕಥೆ ಗೊತ್ತಲ್ವಾ? ಪೂರ್ಣಚಂದ್ರ ತೇಜಸ್ವಿಯವರ ಕಥೆ, ಚಾರುಹಾಸನ್ ಅವರ ಅಭಿನಯ. ನಿವೃತ್ತನಾದ ಸಣ್ಣ ನೌಕರ ತನ್ನ ಪಿಂಚಣಿಗಾಗಿ ಕಚೇರಿ ಕಚೇರಿ ಅಲೆಯುತ್ತಾನೆ. ಹುಡುಗನಾಗಿದ್ದಾಗ ಅದನ್ನು ನೋಡಿ ನಾನೂ ಇದೇ ಶಬ್ದ ಆಡಿದ್ದೆ: ಸ್ಲೋ. ನಿವೃತ್ತಿಯಾದ ಮೇಲೆ ನನ್ನ ಫೈಲು ಒಂದು ಕಚೇರಿಯಲ್ಲಿ ಏಳು ತಿಂಗಳು ಮಲಗಿತ್ತು. "ನಾಳೆ ಬರ್ರಿ ಸರ" ಅನ್ನುವುದನ್ನು ಎಷ್ಟು ಸಲ ಕೇಳಿದೆನೋ. ಆಗ ಮತ್ತೆ ನೋಡಿದೆ. ನಿಧಾನ ಅನ್ನಿಸಲೇ ಇಲ್ಲ. ಸಿನೆಮಾದಲ್ಲಿ ತಬರನ ಕೆಲಸ ನನ್ನದಕ್ಕಿಂತ ಬೇಗ ಕೆಡುತ್ತಿತ್ತು ಅಷ್ಟೆ.

ಗುಲಾಬಿ ಟಾಕೀಸ್ ಬಗ್ಗೆ ನಾಲ್ಕೇ ಮಾತು. ಇದೂ ಕಾಸರವಳ್ಳಿಯವರದು, 2008. ವೈದೇಹಿಯವರ ಕಥೆ. ಕರಾವಳಿಯ ಸೂಲಗಿತ್ತಿ ಗುಲಾಬಿಗೆ ಸಿನೆಮಾದ ಹುಚ್ಚು. ಡಿಶ್ ಸಮೇತ ಒಂದು ಕಲರ್ ಟಿವಿ ಅವಳ ಗುಡಿಸಲಿಗೆ ಬರುತ್ತದೆ. ಕೇರಿಯ ಹೆಂಗಸರೆಲ್ಲ ಅಲ್ಲಿ ಸೇರುತ್ತಾರೆ. ಮನೆಯಲ್ಲಿ ಕೂತು ಸಿನೆಮಾ ನೋಡುವುದರ ಬಗ್ಗೆಯೇ ಇರುವ ಸಿನೆಮಾ, ಮನೆಯಲ್ಲಿ ನೋಡದೆ ಇನ್ನೆಲ್ಲಿ ನೋಡುತ್ತೀರಿ? ಉಮಾಶ್ರೀ ಅವರನ್ನು ಬರೀ ಹಾಸ್ಯದ ಪಾತ್ರದಲ್ಲಿ ನೋಡಿದವರು ಇದನ್ನು ತಪ್ಪಿಸಬೇಡಿ. ಇದಕ್ಕೆ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಚಿಲ್ಡ್ರನ್ ಆಫ್ ಹೆವನ್ ಇನ್ನೂ ಸರಳ. ತಂಗಿಯ ಬೂಟು ಕಳೆದ ಹುಡುಗ ಓಟದ ಪಂದ್ಯಕ್ಕೆ ನಿಲ್ಲುತ್ತಾನೆ. ಮೊದಲನೆಯದಲ್ಲ, ಮೂರನೆಯ ಸ್ಥಾನ ಬೇಕು ಅವನಿಗೆ, ಏಕೆಂದರೆ ಬೂಟು ಸಿಗುವುದು ಮೂರನೆಯವರಿಗೆ. ಕ್ರಿಕೆಟ್ಟಿನ ಕೊನೆಯ ಓವರಿನಲ್ಲೂ ನನ್ನ ಮೊಮ್ಮಗ ಅಷ್ಟು ಕೂಗಿರಲಿಲ್ಲ. ಭಾಷೆಯ ಚಿಂತೆ ಬೇಡ. ಒಬ್ಬರು ಕೆಳಗಿನ ಅಕ್ಷರ ಓದಿ ಹೇಳಿದರೆ ಸಾಕು. ನಮ್ಮ ಮನೆಯಲ್ಲಿ ಆ ಕೆಲಸ ಮಗಳದು. ನಡುನಡುವೆ ತನ್ನದೂ ಎರಡು ಮಾತು ಸೇರಿಸುತ್ತಾಳೆ, ಅದು ಬೇರೆ.

ಇಷ್ಟು ಪಟ್ಟಿ ಬರೆದು ನೋಡಿದರೆ ನನಗೇ ಒಂದು ಪ್ರಶ್ನೆ ಎದ್ದಿತು. ನೀವು ಯಾರೂ ಕೇಳದ ಪ್ರಶ್ನೆ. ಇದರಲ್ಲಿ ಮಂಡ್ಯ ಇದೆ, ಕುಂದಾಪುರದ ಕಡೆಯ ಕಡಲು ಇದೆ, ಕೇರಳ, ಇರಾನು ಎಲ್ಲ ಇವೆ. ನಮ್ಮ ಕಡೆಯದು ಎಲ್ಲಿ? ಸಿನೆಮಾದಲ್ಲಿ ನಮ್ಮ ಭಾಷೆ ಬಂದರೆ ಒಂದೋ ನಗಿಸುವವನ ಬಾಯಲ್ಲಿ, ಇಲ್ಲಾ ಮೀಸೆ ತಿರುವುವ ಗೌಡನ ಬಾಯಲ್ಲಿ. "ಏನಲೇ ಮಗನ" ಅಂದರೆ ಬೆಂಗಳೂರಿನ ಥಿಯೇಟರು ಗೊಳ್ಳೆನ್ನುತ್ತದೆ. ಇದೇ ಮಾತಿನಲ್ಲಿ ಬೇಂದ್ರೆ ಅಜ್ಜ ಎಂಥೆಂಥ ಪದ ಕಟ್ಟಿದರು! ಕರ್ನಾಟಕ ಕಾಲೇಜಿನಲ್ಲಿ ಓದಿದ ಕಾರ್ನಾಡರು ದೊಡ್ಡ ಸಿನೆಮಾ ಮಾಡಿದರು, ಆದರೆ ವಂಶವೃಕ್ಷ, ಕಾಡು ಎರಡೂ ಮೈಸೂರು ಸೀಮೆಯ ಕಥೆಗಳೇ. ಕಂಬಾರರು ಕಾಡುಕುದುರೆ ಮಾಡಿದರು. ಶಿವಮೊಗ್ಗ ಸುಬ್ಬಣ್ಣ ಅವರಿಗೆ ರಾಷ್ಟ್ರಪ್ರಶಸ್ತಿ ತಂದ ಆ ಹಾಡು ಎಲ್ಲರಿಗೂ ಬರುತ್ತದೆ, ಸಿನೆಮಾ ನೋಡಿದವರು ನನಗೆ ಮೂವರೂ ಸಿಕ್ಕಿಲ್ಲ. ನಾಗಾಭರಣ ಅವರ ಸಂತ ಶಿಶುನಾಳ ಶರೀಫ ಇದೆ, ನಮ್ಮದೇ ಶಿಶುನಾಳದ ಅಜ್ಜನ ಕಥೆ, 1990ರದು. ಅದನ್ನಾದರೂ ಮಕ್ಕಳಿಗೆ ತೋರಿಸಿ.

ಆಮೇಲೆ ಹರಿವು. ಮಂಸೋರೆ ಅವರ ಮೊದಲ ಚಿತ್ರ. ಉತ್ತರ ಕರ್ನಾಟಕದ ರೈತನೊಬ್ಬ ಕಾಯಿಲೆಯ ಮಗನನ್ನು ಬೆಂಗಳೂರಿಗೆ ಕರೆದುಕೊಂಡು ಹೋಗುತ್ತಾನೆ. ಮಗ ಉಳಿಯುವುದಿಲ್ಲ. ಹೆಣವನ್ನು ಊರಿಗೆ ತರಲು ಕೈಯಲ್ಲಿ ದುಡ್ಡಿಲ್ಲ. ನಿಜವಾಗಿ ನಡೆದ ಘಟನೆಯಿಂದ ಹುಟ್ಟಿದ ಕಥೆ. ಆ ತಂದೆಯಾಗಿ ಸಂಚಾರಿ ವಿಜಯ್ ಇದ್ದಾರೆ. ಮೇಲಿನ ಪಟ್ಟಿಯಲ್ಲಿ ಇದನ್ನು ಏಕೆ ಹಾಕಲಿಲ್ಲ ಅಂದರೆ, ರವಿವಾರ ಎಲ್ಲರೂ ಕೂತು ನೋಡುವಂಥದ್ದು ಅಂತ ನೀವು ಕೇಳಿದ್ದೀರಿ. ಇದು ರವಿವಾರವನ್ನು ಉಳಿಸುವುದಿಲ್ಲ. ನನ್ನವಳು ನೋಡಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ "ನಮ್ಮ ಮಾತಿನ್ಯಾಗ ಸಿನೆಮಾದವ್ರು ಅಳೂದೂ ಕಲ್ತಾರಲ್ರಿ" ಅಂದಳು.

ಹುಡುಕುವಾಗ ಹೆಸರಿನ ಮುಂದೆ 2014 ಅಂತ ಸೇರಿಸಿ. ಬರೀ ಹರಿವು ಅಂತ ಹಾಕಿದರೆ ತುಂಗಭದ್ರೆಯ ನೀರಿನ ಸುದ್ದಿ ಬರುತ್ತದೆ.